ಟೇಪು ಸುತ್ತಿದ ಡ್ರೈವರ್

ಹೋದ ವಾರ ನಮ್ಮ ಶಾಲೆಯ ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ನಾನು ಪಾಂಡವಪುರದ ಒಂದು ಖಾಸಗಿ ಶಾಲೆಯಲ್ಲಿ ಆಟದ ಟೀಚರ್. ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಹೊರಟವಳು ಗೇಟಿನ ಹತ್ತಿರ ನಿಂತುಬಿಟ್ಟೆ. ಪೇಂಟರು ಬಣ್ಣದ ಡಬ್ಬಿಗೆ ಥಿನ್ನರ್ ಸುರಿಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿಯಿತು. "ದೂರ ನಿಂತ್ಕಳಿ ಮೇಡಂ, ತಲೆ ಸುತ್ತದೆ" ಅಂದ ಅವನು. ನನಗೆ ತಲೆ ಸುತ್ತಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷವಾದ ಮೇಲೂ ಒಂದು ಡಬ್ಬಿ ಥಿನ್ನರ್ ನನ್ನನ್ನು ಹೀಗೆ ಹಿಡಿದು ನಿಲ್ಲಿಸುತ್ತದಲ್ಲ ಅಂತ.

ನನಗೆ ಗಾಲ್ಫ್ ಕಲಿಸಿದ ಮೇಷ್ಟ್ರ ಕೈ ಯಾವಾಗಲೂ ಈ ವಾಸನೆ ಹೊಡೆಯುತ್ತಿತ್ತು. ಗಾಲ್ಫ್ ಕೋಲಿನ ಹಿಡಿಯ ರಬ್ಬರು ಸವೆದರೆ ಅವರು ಅದನ್ನು ಬ್ಲೇಡಿನಲ್ಲಿ ಸೀಳಿ ತೆಗೆಯುತ್ತಿದ್ದರು. ಎರಡೂ ಕಡೆ ಅಂಟುವ ಟೇಪು ಸುತ್ತಿ, ಮೇಲೆ ಥಿನ್ನರ್ ಸುರಿದು, ಹೊಸ ರಬ್ಬರನ್ನು ಒಂದೇ ಉಸಿರಿಗೆ ಜಾರಿಸಿ ಕೂರಿಸುತ್ತಿದ್ದರು. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಟೀ ಲೋಟ ಎತ್ತುತ್ತಿದ್ದರು. "ಸಾ, ಟೀಗೂ ಒಂಚೂರು ಥಿನ್ನರ್ ಬಿಟ್ಕಳಿ, ರುಚಿ ಹೆಚ್ತದೆ" ಅಂತ ನಾನು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು. ನಕ್ಕರೆ ಮೇಲಿನ ಹಲ್ಲು ಪೂರ್ತಿ ಕಾಣುತ್ತಿತ್ತು... ಆ ನಗುವನ್ನು ನಾನು ನಂಬಿದ್ದೆ.

ನಮ್ಮ ಕಡೆ ಗಾಲ್ಫಾ ಅಂತ ಓದುವವರು ಹುಬ್ಬೇರಿಸಬಹುದು. ನಾವೂ ಏರಿಸಿದ್ದೆವು. ಶ್ರೀರಂಗಪಟ್ಟಣ ದಾಟಿ ಹೆದ್ದಾರಿಯ ಬದಿಗೆ ಇದ್ದ ಕಬ್ಬಿನ ಗದ್ದೆಯನ್ನು ಮೈಸೂರಿನ ಒಬ್ಬರು ಗುತ್ತಿಗೆಗೆ ತೆಗೆದುಕೊಂಡು, ಮಟ್ಟ ಮಾಡಿ, ಹುಲ್ಲು ಹಾಕಿಸಿ, ಒಂದು ಕಡೆ ತಗಡಿನ ಸೂರು ಎಬ್ಬಿಸಿದರು. ಇಡೀ ಗಾಲ್ಫ್ ಮೈದಾನ ಅಲ್ಲ ಅದು. ಸೂರಿನ ಕೆಳಗೆ ನಿಂತು ಬುಟ್ಟಿಗಟ್ಟಲೆ ಚೆಂಡನ್ನು ದೂರಕ್ಕೆ ಹೊಡೆದು ಅಭ್ಯಾಸ ಮಾಡುವ ಜಾಗ, ಅಷ್ಟೇ. ಮುಂದೆ ಗಜಗಳ ಲೆಕ್ಕ ಬರೆದ ಬೋರ್ಡುಗಳು. ಎಡಕ್ಕೆ ನಾಲೆ. ಬಲಕ್ಕೆ ಗೌಡರೊಬ್ಬರ ಕಬ್ಬು. ನಮ್ಮಪ್ಪ ಅದನ್ನು ಒಂದು ಸಲ ನೋಡಿ ಬಂದು, "ಉಳೋ ಭೂಮಿಗೆ ಹುಲ್ಲು ಹಾಕಿ ಹುಲ್ಲಿಗೆ ನೀರು ಬುಡ್ತಾವ್ರಲ್ಲ, ಇವರಿಗೆ ಗ್ರಹಚಾರ" ಅಂದಿದ್ದರು.

ಡಿಗ್ರಿ ಮುಗಿಸಿ ಅರಕೆರೆಯ ಮನೆಯಲ್ಲಿ ಕೂತಿದ್ದ ನನಗೆ ಅಲ್ಲಿ ಕೆಲಸ ಸಿಕ್ಕಿತು. ಬಂದವರಿಗೆ ಚೆಂಡಿನ ಬುಟ್ಟಿ ಕೊಡುವುದು, ಫೋನು ತೆಗೆಯುವುದು. ಕಾಲೇಜಿನಲ್ಲಿ ನಾನು ಜಾವೆಲಿನ್ ಎಸೆಯುತ್ತಿದ್ದವಳು. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಸುಮ್ಮನೆ ಒಂದು ಕೋಲು ಎತ್ತಿಕೊಂಡು ಬೀಸಿದೆ. ಚೆಂಡು ಎಲ್ಲಿ ಬಿತ್ತು ಅಂತ ಗೊತ್ತಾಗಲಿಲ್ಲ. ಮೇಷ್ಟ್ರು ಹಿಡಿ ಕೂರಿಸುತ್ತಿದ್ದವರು ತಲೆ ಎತ್ತಿದರು. ಮೈಸೂರಿನ ಯಾವುದೋ ಮೈದಾನದಲ್ಲಿ ಹಿರಿಯರ ಗಾಲ್ಫ್ ಚೀಲ ಹೊತ್ತು ಹೊತ್ತು ಆಟ ಕಲಿತು, ಕೋಚ್ ಆಗಿ ನಮ್ಮಲ್ಲಿಗೆ ಬಂದಿದ್ದವರು ಅವರು. ಆಗ ಐವತ್ತರ ಹತ್ತಿರ.

"ಇನ್ನೊಂದು ಹೊಡಿಯವ್ವ" ಅಂದರು.

ಹೊಡೆದೆ. ನೆಟ್ಟಗೆ ಹೊರಟ ಚೆಂಡು ಅರ್ಧ ದಾರಿಯಲ್ಲಿ ಬಲಕ್ಕೆ ತಿರುಗಿ ಗೌಡರ ಕಬ್ಬಿಗೆ ಹೋಗಿ ಬಿತ್ತು. ಮತ್ತೊಂದು ಹೊಡೆದೆ, ಅದೂ ಕಬ್ಬಿಗೇ.

"ದೂರ ಓಯ್ತದೆ. ದಾರಿ ಗೊತ್ತಿಲ್ಲ, ಅಷ್ಟೇಯ. ದಾರಿ ನಾನ್ ಕಲಿಸ್ತೀನಿ ಬುಡು" ಅಂದರು ಮೇಷ್ಟ್ರು. ಹೆಣ್ಣುಮಗಳೊಬ್ಬಳ ಎಸೆತವನ್ನೋ ಹೊಡೆತವನ್ನೋ ಹಾಗೆ ಕಣ್ಣಿಟ್ಟು ನೋಡಿ, ಇದರಲ್ಲಿ ಏನೋ ಇದೆ ಅಂತ ಯಾರೂ ನನಗೆ ಅದುವರೆಗೆ ಹೇಳಿರಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಸೀಟಿದ್ದರೂ ಕೂರದೆ ನಿಂತೇ ಹೋದೆ.

ಗಾಲ್ಫಿನಲ್ಲಿ ಎಲ್ಲಕ್ಕಿಂತ ಉದ್ದದ, ದಪ್ಪ ತಲೆಯ ಕೋಲಿಗೆ ಡ್ರೈವರ್ ಅನ್ನುತ್ತಾರೆ. ತುಂಬ ದೂರ ಹೊಡೆಯುವುದಕ್ಕೆ ಅದು. ಹೊಡೆಯುವವರ ಕೈಯಲ್ಲಿ ಏನಾದರೂ ತಪ್ಪಿದ್ದರೆ ಅದು ಸಣ್ಣ ಕೋಲುಗಳಲ್ಲಿ ಅಷ್ಟಾಗಿ ಕಾಣದು. ಡ್ರೈವರ್ ಹಿಡಿದಾಗ ಮಾತ್ರ ಬಟಾಬಯಲಾಗುತ್ತದೆ. ನನ್ನ ಚೆಂಡುಗಳೆಲ್ಲ ಬಲಕ್ಕೇ ಹೋಗುತ್ತಿದ್ದವು. ಆ ವರ್ಷ ಕಬ್ಬು ಕಡಿಯುವಾಗ ಆಳುಗಳು ಅರ್ಧ ಮೂಟೆ ಚೆಂಡು ಆಯ್ದು ತಂದು ನಮ್ಮ ಬಾಗಿಲಿಗೆ ಸುರಿದರು. ಒಂದು ಚೆಂಡು ಕಬ್ಬಿನ ಜೊತೆ ಆಲೆಮನೆಗೂ ಹೋಗಿತ್ತಂತೆ. ಗೌಡರು ಬಂದು ಜಗಳ ತೆಗೆದರು. "ನಿಮ್ ಚೆಂಡು ಗಾಣಕ್ಕೆ ಸಿಕ್ಕಂಡಿದ್ರೆ ಯಾರ್ಲಾ ಜವಾಬ್ದಾರಿ?" ಅಂತ ಮೇಷ್ಟ್ರ ಮೇಲೆ ಎಗರಾಡಿದರು. ಮೇಷ್ಟ್ರು ತಣ್ಣಗೆ ನನ್ನ ಕಡೆ ಕೈ ತೋರಿಸಿ, "ಈ ಮಗು ಕೈ ಇನ್ನೂ ತಿದ್ಬೇಕು ಗೌಡ್ರೆ, ವಸಿ ಟೇಮ್ ಕೊಡಿ" ಅಂದರು. ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು.

ಈಗಿನ ಡ್ರೈವರುಗಳಲ್ಲಿ ಒಂದು ಅನುಕೂಲವಿದೆ. ತಲೆ ಮತ್ತು ಕೋಲು ಸೇರುವ ಕಡೆ ಒಂದು ಬಳೆ ಇರುತ್ತದೆ. ಸಣ್ಣದೊಂದು ಕೀಲಿಯಿಂದ ತಿರುಪು ಸಡಿಲಿಸಿ ಬಳೆಯನ್ನು ತಿರುಗಿಸಿದರೆ ಹೊಡೆಯುವ ಮುಖದ ಓರೆ ಬದಲಾಗುತ್ತದೆ. ಚೆಂಡು ಎತ್ತರ ಹೋಗುವುದು, ತಗ್ಗಿನಲ್ಲಿ ಹೋಗುವುದು, ಎಡಕ್ಕೋ ಬಲಕ್ಕೋ ವಾಲುವುದು ಎಲ್ಲಕ್ಕೂ ಆ ಓರೆ ಕಾರಣ. ತಳದಲ್ಲಿ ಒಂದು ತೂಕದ ಬಿಲ್ಲೆಯೂ ಇರುತ್ತದೆ. ಅದನ್ನು ಕೋಲಿನ ಕಡೆಗೆ ಸರಿಸಿದರೆ ಬಲಕ್ಕೆ ಓಡುವ ಚೆಂಡನ್ನು ಸ್ವಲ್ಪ ಎಡಕ್ಕೆ ಎಳೆದು ತರುತ್ತದೆ. ಮೇಷ್ಟ್ರು ಈ ವಿದ್ಯೆಯಲ್ಲಿ ಪಳಗಿದವರು. ಬಂದವರ ಚೆಂಡು ಹಾರುವುದನ್ನು ಸ್ವಲ್ಪ ಹೊತ್ತು ನೋಡಿ, ಕೀಲಿ ತೆಗೆದು, ಇಷ್ಟೇ ಇಷ್ಟು ತಿರುಗಿಸುತ್ತಿದ್ದರು. ಬಿಗಿಯಾದ ಕೂಡಲೇ ಕೀಲಿ ಟಕ್ ಅನ್ನುತ್ತಿತ್ತು. ಮುಂದಿನ ಚೆಂಡು ಬೇರೆ ಥರವೇ ಹಾರುತ್ತಿತ್ತು.

ಆದರೆ ತಿರುಗಿಸುವ ಮೊದಲು ಗಿರಾಕಿಗಳಿಗೆ ಒಂದು ಪಾಠ ಇರುತ್ತಿತ್ತು. "ಮೊದ್ಲು ಕೈ ನೋಡ್ಬೇಕು ಸಾ, ಆಮೇಲೆ ಕೀಲಿ. ಕೈ ಸರಿ ಇಲ್ದೆ ಇದ್ನ ತಿರುಗಿಸ್ತಾ ಕುಂತ್ರೆ ಗಾಯ ತೊಳೀದೆ ಬಟ್ಟೆ ಕಟ್ದಂಗೆ" ಅನ್ನುತ್ತಿದ್ದರು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅವರಿಲ್ಲದಾಗ ನಾನೂ ಗಿರಾಕಿಗಳಿಗೆ ಅದನ್ನೇ ಹೇಳಿ ದೊಡ್ಡಸ್ತಿಕೆ ಮೆರೆಯುತ್ತಿದ್ದೆ.

ನನ್ನದೇ ಅನ್ನುವ ಡ್ರೈವರನ್ನು ಮೇಷ್ಟ್ರು ಕೊಟ್ಟದ್ದು ಒಂದು ಭಾನುವಾರ. ಯಾರೋ ಬಿಟ್ಟುಹೋದ ಹಳೆಯದು. ಅದರ ಕತ್ತಿನಿಂದ ತಳದವರೆಗೆ ಕರೆಂಟಿನವರ ಕಪ್ಪು ಟೇಪನ್ನು ಒತ್ತಾಗಿ ಸುತ್ತಿದ್ದರು. "ತಲೆ ಬಿರುಕು ಬುಟ್ಟದೆ. ಟೇಪ್ ಕಿತ್ಬುಟ್ಟೀಯ, ಒಡೆದೋಯ್ತದೆ. ಆಗಾಗ ಸಡ್ಲ ಆಯ್ತದೆ, ನಾನೇ ಬಿಗಿ ಮಾಡ್ಕೊಡ್ತೀನಿ. ನೀನ್ ಮುಟ್ಬ್ಯಾಡ" ಅಂದರು. ತಿರುಪಿನ ಕಡೆ ಮಾತ್ರ ಟೇಪಿನಲ್ಲಿ ಸಣ್ಣ ಕಿಂಡಿ ಬಿಟ್ಟಿದ್ದರು. ಗಿರಾಕಿಗಳ ಡ್ರೈವರುಗಳನ್ನು ನಾನು ಮುಟ್ಟಬಾರದು ಅನ್ನುವ ಕಟ್ಟಪ್ಪಣೆಯೂ ಅದೇ ದಿನ ಬಂತು. ಬೇರೆಯವರ ಸಾಮಾನು, ಏನಾದರೂ ಆದರೆ ಓನರಿಗೆ ಯಾರು ಉತ್ತರ ಹೇಳುವುದು ಅಂತ. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಆವತ್ತಿನಿಂದ ನನ್ನ ಚೆಂಡು ದಾರಿಗೆ ಬರತೊಡಗಿತು. ಒಂದೇ ದಿನಕ್ಕಲ್ಲ. ಮೊದಮೊದಲು ಕಬ್ಬಿನ ಅಂಚಿಗೆ ಬೀಳುತ್ತಿತ್ತು. ಕೆಲವು ವಾರಗಳಾದ ಮೇಲೆ, ಗೌಡರ ಜಗಳದ ನಂತರ ಕಬ್ಬಿನ ಕಡೆ ಕಟ್ಟಿಸಿದ್ದ ಗಿಡ್ಡ ಬಲೆಯ ಒಳಗೆ, ಆಮೇಲೆ ಬೋರ್ಡಿನ ಬಲಗಡೆಗೆ, ಕೊನೆಗೆ ಬೋರ್ಡಿಗೇ. ನಡುನಡುವೆ ಮೇಷ್ಟ್ರು "ಕೊಡವ್ವ ಇಲ್ಲಿ, ಸಡ್ಲ ಆಗದೆ" ಅಂತ ಡ್ರೈವರು ತೆಗೆದುಕೊಂಡು, ನನಗೆ ಬೆನ್ನು ಮಾಡಿ ನಿಂತು, ಟಕ್ ಅನ್ನಿಸಿ ಕೊಡುತ್ತಿದ್ದರು. ಚೆಂಡು ಇನ್ನೂ ಸ್ವಲ್ಪ ನೆಟ್ಟಗಾಗುತ್ತಿತ್ತು. "ನೋಡ್ದಾ, ಕೈ ತಿದ್ಕತಾ ಅದೆ" ಅನ್ನುತ್ತಿದ್ದರು. ನಾನು ಕೈಯನ್ನು ನೋಡಿಕೊಳ್ಳುತ್ತಿದ್ದೆ. ಅದೇ ಕೈ, ಅದೇ ಗಾಜಿನ ಬಳೆ, ಅದೇ ಗದ್ದೆ ಕೆಲಸದ ಗೀರುಗಳು. ಆದರೂ ತಿದ್ದಿಕೊಂಡಿದೆ ಅಂತ ಮೇಷ್ಟ್ರೇ ಹೇಳಿದ ಮೇಲೆ ಇನ್ನೇನು?

ಆಯುಧಪೂಜೆ ದಿನ ಎಲ್ಲ ಸಾಮಾನನ್ನೂ ತೊಳೆದು ಒರೆಸಿ ಸಾಲಾಗಿ ಇಡುತ್ತಿದ್ದೆವು. ಹುಲ್ಲು ಕತ್ತರಿಸುವ ಮಿಷನ್ನು, ಚೆಂಡು ಆಯುವ ಗಾಡಿ, ಕೋಲುಗಳು, ಮೇಷ್ಟ್ರ ಕೀಲಿ. ಟೇಪು ಕೊಳೆಯಾಗಿದೆ, ಬಿಚ್ಚಿ ಹೊಸದು ಸುತ್ತಲಾ ಅಂತ ನಾನು ಕೇಳಿದೆ. ಮೇಷ್ಟ್ರು ಕೈಯಿಂದ ಕಸಿದುಕೊಂಡ ಹಾಗೆ ತೆಗೆದುಕೊಂಡರು. "ಹಬ್ಬದ್ ದಿನ ಒಡೆದಾಕ್ಬ್ಯಾಡ" ಅಂದರು. ನಾನು ಟೇಪಿನ ಮೇಲೆಯೇ ಅರಿಶಿನ ಕುಂಕುಮ ಇಟ್ಟು, ಒಂದು ಸೇವಂತಿಗೆ ಸಿಕ್ಕಿಸಿ, ಕೈ ಮುಗಿದೆ. ಆಯುಧದ ಮುಸುಕು ತೆಗೆಯದೆ ಪೂಜೆ ಮಾಡಿದವಳು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಭಾನುವಾರಗಳಲ್ಲಿ ಹೆದ್ದಾರಿಯಲ್ಲಿ ಹೋಗುವ ಕಾರುಗಳು ನಮ್ಮಲ್ಲಿ ನಿಲ್ಲುತ್ತಿದ್ದವು. ಮೇಷ್ಟ್ರು ನನ್ನನ್ನು ಸೂರಿನ ಕೆಳಗೆ ಹೊಡೆಯಲು ನಿಲ್ಲುವ ಮೊದಲ ಕಟ್ಟೆಗೆ ನಿಲ್ಲಿಸಿ ಹೊಡೆಯಲು ಹೇಳುತ್ತಿದ್ದರು. ಜನ ನಿಂತು ನೋಡುತ್ತಿದ್ದರು. "ಅರಕೆರೆ ಹುಡುಗಿ ಸಾ. ಇಲ್ಲಿಗೆ ಬರೋವಾಗ ಕೋಲು ಹಿಡಿಯಕ್ಕೇ ಬತ್ತಿರ್ಲಿಲ್ಲ. ಈಗ ನೋಡಿ" ಅನ್ನುತ್ತಿದ್ದರು. ನೋಡಿದವರು ತಮ್ಮ ಮಕ್ಕಳನ್ನು ಸೇರಿಸುತ್ತಿದ್ದರು. ಕೆ.ಆರ್. ಪೇಟೆಯಿಂದ, ನಾಗಮಂಗಲದಿಂದಲೂ ಜನ ಬರತೊಡಗಿದರು. ಬೆಳಿಗ್ಗೆ ಒಂದು ಬ್ಯಾಚು ಇದ್ದದ್ದು ಸಂಜೆಗೂ ಆಯಿತು. ಓನರು ಮೇಷ್ಟ್ರ ಫೋಟೋ ಹಾಕಿ ಹೆದ್ದಾರಿಗೆ ಬೋರ್ಡು ನಿಲ್ಲಿಸಿದರು. ಆ ಫೋಟೋದ ಹಿಂದೆ, ಕೋಲು ಎತ್ತಿ ಬೀಸುತ್ತಿರುವ ಹುಡುಗಿ ನಾನೇ. ಮುಖ ಕಾಣುತ್ತಿರಲಿಲ್ಲ. ಆದರೂ ಅಮ್ಮ ಬಸ್ಸಿನಲ್ಲಿ ಹೋಗುವಾಗಲೆಲ್ಲ ಪಕ್ಕದವರಿಗೆ ತೋರಿಸುತ್ತಿದ್ದರು.

ಅಷ್ಟು ಹೊತ್ತಿಗೆ ಮೈಸೂರಿನ ಆಚೆ ಹೊಸದಾಗಿ ದೊಡ್ಡ ಗಾಲ್ಫ್ ಮೈದಾನವೊಂದು ಶುರುವಾಗಿತ್ತು. ಶಾಲೆಯ ಮಕ್ಕಳಿಗೆ ಕಲಿಸಲು ಹೆಣ್ಣುಮಕ್ಕಳು ಬೇಕು, ಆಯ್ಕೆಯಾದವರಿಗೆ ತರಬೇತಿ, ಹಾಸ್ಟೆಲ್ಲು, ಆಮೇಲೆ ಅಲ್ಲೇ ಕೆಲಸ ಅಂತ ಸುದ್ದಿ ಬಂತು. ನನಗೆ ರಾತ್ರಿ ಹಗಲು ಅದೇ ಧ್ಯಾನವಾಯಿತು. ಮನೆಯಲ್ಲಿ ಚಿನಕುರಳಿಯ ಗಂಡಿನ ಮಾತುಕತೆ ನಡೆದಿತ್ತು. ಗಂಡು ಕೆಟ್ಟವನೇನಲ್ಲ. ಆದರೆ ನನಗೆ ಮದುವೆ ಬೇಕಿರಲಿಲ್ಲ, ಆ ಮೈದಾನ ಬೇಕಿತ್ತು. ಊಟ ಬಿಟ್ಟು ಹಟ ಹಿಡಿದೆ. ಕೊನೆಗೆ ಅಪ್ಪ, "ಒಂದ್ ಸತಿ ಓಗ್ ಬಾ. ಕೆಲ್ಸ ಸಿಕ್ರೆ ನಿನ್ ದಾರಿ ನಿಂದು, ನಾನ್ ಅಡ್ಡ ಬರಾಕಿಲ್ಲ. ಸಿಗ್ನಿಲ್ಲ ಅಂದ್ರೆ ನಾವ್ ಯೋಳ್ದಂಗೆ ಕೇಳ್ಬೇಕು" ಅಂದರು. ನಾನು ತಕ್ಷಣ ಒಪ್ಪಿದೆ. ಸಿಗದೆ ಇರುತ್ತದೆ ಅನ್ನುವ ಯೋಚನೆಯೇ ಇರಲಿಲ್ಲ. ನನ್ನ ಚೆಂಡು ದಿನವೂ ಬೋರ್ಡಿಗೆ ಬಡಿಯುತ್ತಿತ್ತಲ್ಲ.

ಮೇಷ್ಟ್ರಿಗೆ ಈ ವಿಷಯ ಹೇಳಿದಾಗ ಅವರು ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರು ಹಿಡಿಯ ರಬ್ಬರನ್ನು ತಿಕ್ಕುತ್ತಲೇ ಇದ್ದರು. "ಇನ್ನೊಂದ್ ವರ್ಷ ತಡ್ದು ಓದ್ರಾಗಕಿಲ್ವಾ?" ಅಂದರು. ಅಪ್ಪನ ಮಾತು ಹೇಳಿದೆ.  ತಾವೂ ಜೊತೆಗೆ ಬರುವುದಾಗಿ ಹೇಳಿದರು. ಬೇಡ ಸಾ, ನಿಮಗೆ ಬ್ಯಾಚು ಇರುತ್ತದಲ್ಲ ಅಂದರೂ ಕೇಳಲಿಲ್ಲ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ ಮೇಷ್ಟ್ರು ಒಂದೇ ಒಂದು ಮಾತು ಆಡಿದರು. "ನಿನ್ ಡ್ರೈವರಲ್ಲೇ ಹೊಡಿತೀನಿ ಅಂತ ಕೇಳ್ಕೊ. ಬ್ಯಾರೇದು ಕೈಗೆ ಕೂರಾಕಿಲ್ಲ ಅನ್ನು." ಬಟ್ಟೆಯ ಚೀಲದಲ್ಲಿ ಸುತ್ತಿಕೊಂಡಿದ್ದ ಡ್ರೈವರು ನನ್ನ ತೊಡೆಯ ಮೇಲಿತ್ತು. ನನ್ನ ಮೇಲೆ ಎಷ್ಟು ಕಾಳಜಿ ಅಂದುಕೊಂಡೆ.

ಅಲ್ಲಿ ಪರೀಕ್ಷೆ ಮಾಡಲು ಬಂದಿದ್ದವರು ವಯಸ್ಸಾದ ಒಬ್ಬ ಹೆಂಗಸು. ತಲೆ ಪೂರ್ತಿ ನರೆತಿತ್ತು, ಮಾತು ಮೆದು. ಬಂದಿದ್ದ ಹುಡುಗಿಯರಿಗೆಲ್ಲ ಒಂದೇ ಡ್ರೈವರು ಕೊಟ್ಟರು. "ನಾಳೆ ಮಕ್ಕಳ ಕೈಲಿರೋದನ್ನ ಇಸ್ಕೊಂಡು ಹೊಡೆದು ತೋರಿಸಬೇಕಾಗತ್ತೆ. ಅದಕ್ಕೇ ಎಲ್ಲರಿಗೂ ಇದೇ" ಅಂದರು. ನಾನು ನನ್ನದರಲ್ಲಿ ಹೊಡೆಯಲಾ ಅಂತ ಕೇಳಿದೆ. ಮೊದಲು ಇದರಲ್ಲಿ, ಆಮೇಲೆ ನೋಡೋಣ ಅಂದರು. ನಾನು ಮೇಷ್ಟ್ರ ಕಡೆ ತಿರುಗಿದೆ. ಅವರು ಬೇಲಿಯ ಆಚೆ ನಿಂತು ಬಗ್ಗಿ ಶೂ ದಾರ ಕಟ್ಟುತ್ತಿದ್ದರು.

ಮೊದಲ ಚೆಂಡು ಬಲಕ್ಕೆ ಹೋಯಿತು. ಹೆದರಿಕೆಗೆ ಹೀಗಾಯಿತು ಅಂದುಕೊಂಡೆ. ಎರಡನೆಯದು ಇನ್ನೂ ಬಲಕ್ಕೆ ಹೋಗಿ ಮರಗಳ ನಡುವೆ ಬಿತ್ತು. ಆಮೇಲೆ ಹೊಡೆದದ್ದೆಲ್ಲ ಅದೇ ಮರಗಳಿಗೆ. ಮೊದಲ ದಿನ ಗೌಡರ ಕಬ್ಬಿಗೆ ಹೋಗಿತ್ತಲ್ಲ, ಹಾಗೆಯೇ, ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ. ಕೈ ಬೆವೆತು ಹಿಡಿ ಜಾರತೊಡಗಿತು. 

ಆ ಹಿರಿಯರಿಗೆ ನನ್ನ ಮುಖ ನೋಡಿ ಮರುಕ ಬಂದಿರಬೇಕು. "ಸರಿ, ನಿಂದು ತಗೋ" ಅಂದರು. ತೆಗೆದುಕೊಂಡು ಹೊಡೆದೆ. ಚೆಂಡು ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು. ಅವರು ಹುಬ್ಬು ಗಂಟಿಕ್ಕಿ ಡ್ರೈವರಿಗೆ ಕೈ ಚಾಚಿದರು. "ಈ ಟೇಪು ಯಾಕೆ?" ಅಂದರು. ಬಿರುಕು ಬಿಟ್ಟಿದೆ ಮೇಡಂ, ಬಿಚ್ಚಬೇಡಿ ಅಂದೆ. ಅವರು ಆಗಲೇ ಉಗುರಿನಿಂದ ಒಂದು ತುದಿ ಎಬ್ಬಿಸಿ ಎಳೆದಿದ್ದರು. ಟೇಪು ಪರಪರ ಅಂತ ಬಿಚ್ಚಿಕೊಂಡಿತು.

ಒಳಗೆ ಬಿರುಕು ಇರಲಿಲ್ಲ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕತ್ತಿನ ಬಳೆ ತಿರುಗುವಷ್ಟೂ ತಿರುಗಿತ್ತು. ತೂಕದ ಬಿಲ್ಲೆ ಪೂರ್ತಿ ಕೋಲಿನ ಕಡೆಗೆ ಜರುಗಿ ಕೂತಿತ್ತು. ಗಿರಾಕಿಗಳಿಗೆ ಪಾಠ ಹೇಳಿ ಹೇಳಿ ಆ ಗುರುತುಗಳನ್ನು ಓದಲು ನನಗೂ ಬರುತ್ತಿತ್ತು. ಓದಿದೆ. ಆ ಹಿರಿಯರು ಮೆಲ್ಲಗೆ, "ನಿನ್ನ ಕೈ ತಪ್ಪನ್ನ ಇದು ಮುಚ್ಚಿಡ್ತಿದೆ ಮಗಳೇ. ಬೇಕು ಅಂತಲೇ ಸೆಟ್ ಮಾಡಿದಾರೆ. ಇಷ್ಟು ಶಕ್ತಿ ಇರೋ ಹುಡುಗಿಗೆ ಯಾಕೆ ಹೀಗ್ ಮಾಡಿದ್ರು?" ಅಂದರು. ಆಮೇಲೆ, "ತನ್ನ ಕೈ ತನಗೇ ಗೊತ್ತಿಲ್ಲದವರನ್ನ ಕಲಿಸೋಕೆ ಹೇಗೆ ತಗೊಳ್ಳಲಿ, ನೀನೇ ಹೇಳು" ಅಂದರು.  ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಆಗ ಒಂದೊಂದೇ ಹೊಳೆಯಿತು. ಕಬ್ಬಿನ ಅಂಚಿನಿಂದ ಬಲೆಯ ಒಳಕ್ಕೆ, ಬಲೆಯಿಂದ ಬೋರ್ಡಿಗೆ ಚೆಂಡು ಬಂದದ್ದು ನನ್ನ ಕೈಯಿಂದಲ್ಲ. ಒಂದೇ ಸಲ ತಿರುಗಿಸಿದ್ದರೆ ನನಗೆ ಅನುಮಾನ ಬರುತ್ತಿತ್ತು. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ, ಕಲಿಯುವವಳ ಕೈ ಪಳಗುವ ವೇಗದಲ್ಲೇ ತಿರುಗಿಸಿದ್ದರು. ಸಡಿಲವಾಗಿದೆ, ಬಿಗಿ ಮಾಡ್ತೀನಿ ಅಂದ ಒಂದೊಂದು ಸಲವೂ ಸುಳ್ಳು. ಕೈ ತಿದ್ದಿಕೊಳ್ಳುತ್ತಿದೆ ಅಂದದ್ದೂ ಸುಳ್ಳು. ಎರಡು ವರ್ಷ ನಾನು ದಿನವೂ ಬೆವರು ಸುರಿಸಿ ಹೊಡೆದದ್ದು ಬರೀ ನಾಟಕ. ಆಡಿದವಳಿಗೇ ಅದು ನಾಟಕ ಅಂತ ಗೊತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಎರಡು ಟೀ ತಂದರು. ನಾನು ಮುಟ್ಟಲಿಲ್ಲ.

"ಯಾಕ್ ಸಾ?" ಅಂದೆ. ಅಷ್ಟೇ ಬಂತು ಬಾಯಿಗೆ.

"ಚೆಂಡು ನೆಟ್ಟಗೆ ಓಯ್ತಿತ್ತಲ್ವ."

"ನನ್ ಕೈ ತಿದ್ದೀನಿ ಅಂದಿದ್ರಿ."

ಅವರು ತಮ್ಮ ಲೋಟ ಕೆಳಗಿಟ್ಟರು. "ತಿದ್ದಕ್ಕೆ ಓಗಿದ್ರೆ ನೀನು ಮೂರ್ನಾಕು ತಿಂಗ್ಳು ಅಡ್ಡಾದಿಡ್ಡಿ ಹೊಡೀತಿದ್ದೆ ಕಣವ್ವ. ಹಳೇದು ಬುಟ್ಟು ಹೊಸ್ದು ಕೂರೋಗಂಟ ಎಲ್ಲಾರ್ಗೂ ಅಂಗೇಯ. ಭಾನುವಾರ ಜನ ಬಂದ್ ನಿಂತ್ಕಂಡಾಗ ಏನ್ ತೋರ್ಸೋದು? ಮೊದ್ಲು ಒಂದಿನ ಅವರ ಮುಂದೆ ಮರ್ಯಾದೆ ಓಗ್ಬಾರ್ದು ಅಂತ ತಿರುಗಿಸ್ದೆ. ಆಮೇಲೆ ಯೋಳಕ್ಕೆ ಆಗ್ನಿಲ್ಲ" ಅಂದರು.

"ಗಾಯ ತೊಳೀದೆ ಬಟ್ಟೆ ಕಟ್ಬಾರ್ದು ಅಂತಿದ್ರಲ್ಲ ಸಾ ಎಲ್ಲಾರ್ಗೂ."

 ಶ್ರೀರಂಗಪಟ್ಟಣದ ಬಸ್ಸು ಬಂತು. ನಾನು ಹತ್ತಲಿಲ್ಲ. ಅವರೊಬ್ಬರೇ ಹೋದರು. ಮುಂದಿನ ಬಸ್ಸಿಗೆ ಕಾಯುತ್ತಾ, ಜನರ ನಡುವೆ, ವೇಲು ಬಾಯಿಗೆ ತುರುಕಿಕೊಂಡು ಅತ್ತ ಯಾರೋ ಹುಡುಗಿಯನ್ನು ಅವತ್ತು ಅಲ್ಲಿದ್ದವರು ನೋಡಿದ್ದರೆ, ಅದು ನಾನು. ಡ್ರೈವರನ್ನು ಬೆಂಚಿನ ಮೇಲೆ ಬಿಟ್ಟು ಬಂದೆ. ಯಾರು ಎತ್ತಿಕೊಂಡರೋ.

ಅಪ್ಪ ಏನೂ ಕೆಣಕಿ ಕೇಳಲಿಲ್ಲ. ನಾನು ಮಾತಿಗೆ ತಪ್ಪಲಿಲ್ಲ. ಚಿನಕುರಳಿಯವರ ಮನೆಗೆ ಸೊಸೆಯಾಗಿ ಹೋದೆ. ನನ್ನ ಗಂಡ ಒಳ್ಳೆಯವರು. ಮದುವೆಯಾದ ಮೇಲೆ ಬಿ.ಪಿ.ಎಡ್. ಓದಿಸಿದರು, ಈ ಕೆಲಸವೂ ಸಿಕ್ಕಿತು. ಬದುಕು ಕೆಟ್ಟುಹೋಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನದು ಅಂತ ಒಂದು ಬದುಕನ್ನು ನಾನೇ ಆರಿಸಿಕೊಂಡು, ಅಪ್ಪನ ಎದುರು ಹಟ ಹಿಡಿದು ಗಿಟ್ಟಿಸಿದ್ದೆನಲ್ಲ, ಅದನ್ನು ನನ್ನ ಮೇಷ್ಟ್ರೇ ಭಾನುವಾರದ ಜನರಿಗೆ ತೋರಿಸಿ ಮುಗಿಸಿಬಿಟ್ಟರು. ಹೊಟ್ಟೆ ಉರಿಯುವುದು ಅದಕ್ಕೆ.

ಹೊಸ ಹೆದ್ದಾರಿ ಬಂದಾಗ ನಾವು ಚೆಂಡು ಹೊಡೆಯುತ್ತಿದ್ದ ಆ ಜಾಗವೂ ಹೋಯಿತು. ಈಗ ಅಲ್ಲಿ ಸರ್ವಿಸ್ ರಸ್ತೆ, ಒಂದು ಎಳನೀರಿನ ಗಾಡಿ. ಮೇಷ್ಟ್ರು ಶ್ರೀರಂಗಪಟ್ಟಣದ ಮಗನ ಮನೆಯಲ್ಲಿದ್ದಾರೆ, ಸಕ್ಕರೆ ಕಾಯಿಲೆಗೆ ಕಾಲು ಕೊಳೆತು ಮಲಗಿದ್ದಾರೆ ಅಂತ ಹೋದ ವರ್ಷ ಯಾರೋ ಹೇಳಿದರು. ಹೋಗಬಾರದು ಅಂದುಕೊಂಡೆ. ಎರಡು ವಾರ ಹಾಗೇ ಅಂದುಕೊಳ್ಳುತ್ತಾ ಇದ್ದು, ಒಂದು ಶನಿವಾರ ಶಾಲೆ ಮುಗಿಸಿ ಹೋದೆ. ಅವರನ್ನು ನೋಡಲು ಹೋದೆ ಅಂದರೆ ಸುಳ್ಳಾದೀತು. ಒಂದು ಪ್ರಶ್ನೆ ಕೇಳಲು ಹೋದೆ. ನನ್ನ ಕೈಯನ್ನು ಎರಡು ವರ್ಷ ದಿನವೂ ನೋಡಿದವರು ಈ ಲೋಕದಲ್ಲಿ ಅವರೊಬ್ಬರೇ ಇದ್ದರು.

ಸೊಸೆ ಒಳಗೆ ಕರೆದುಕೊಂಡು ಹೋದರು. ಮಂಚದ ಮೇಲೆ ಅರ್ಧ ಎದ್ದು ಕೂತಿದ್ದರು. ಅರ್ಧ ಆಳಾಗಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. "ಬಾರವ್ವ, ಕುಂತ್ಕೊ" ಅಂದರು. ಕಾಲಿನ ಬ್ಯಾಂಡೇಜಿನ ಮೇಲೆ ಬೆಡ್‌ಶೀಟು ಎಳೆದುಕೊಂಡರು. ಮಕ್ಕಳೆಷ್ಟು ಅಂತ ಕೇಳಿದರು, ಹೇಳಿದೆ. ಅಪ್ಪ ಹೇಗಿದ್ದಾರೆ ಅಂದರು, ಹೇಳಿದೆ. ಸೊಸೆ ಕಾಫಿ ತರಲು ಒಳಗೆ ಹೋದ ಮೇಲೆ ಕೇಳಿದೆ.

"ಸಾ, ಒಂದೇ ಒಂದು ಕೇಳ್ತೀನಿ. ನನ್ ಕೈ ತಿದ್ದಬೋದಿತ್ತಾ? ಇಲ್ಲ, ಅದು ಆಗದ ಮಾತೇ ಆಗಿತ್ತಾ?"

ಆಗದ ಮಾತಾಗಿತ್ತು ಅಂದುಬಿಡಲಿ ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಹಾಗೆ ಅಂದಿದ್ದರೆ ಎದ್ದು, ಕಾಫಿ ಕುಡಿದು, ಹಗುರವಾಗಿ ಮನೆಗೆ ಹೋಗುತ್ತಿದ್ದೆ.

ಅವರು ಗೋಡೆಗೆ ಒರಗಿಸಿದ್ದ ಊರುಗೋಲನ್ನು ಕಣ್ಣಲ್ಲೇ ತೋರಿಸಿದರು. ಎದ್ದು ಎತ್ತಿಕೊಂಡೆ. "ಡ್ರೈವರ್ ಹಿಡ್ದಂಗೆ ಹಿಡಿ" ಅಂದರು. ಇಷ್ಟು ವರ್ಷಗಳ ಮೇಲೆ ಹಿಡಿದೆ. ಕೈ ತಾನಾಗಿ ಹಳೆಯ ಜಾಗಕ್ಕೇ ಹೋಗಿ ಕೂತಿತು. ಅವರು ಮುಂದಕ್ಕೆ ಬಗ್ಗಿ, ನನ್ನ ಎಡಗೈ ಹಿಡಿದು, ಸ್ವಲ್ಪ ಬಲಕ್ಕೆ ಹೊರಳಿಸಿದರು. ಕೋಲಿನ ನೆತ್ತಿಯ ಮೇಲೆ ಕೂತಿದ್ದ ಹೆಬ್ಬೆರಳು ಒಂದು ಗೋಧಿಕಾಳಿನಷ್ಟು ಪಕ್ಕಕ್ಕೆ ಹೋಯಿತು.

"ಇಷ್ಟೆ ಕಣವ್ವ" ಅಂದರು.

"ಇಷ್ಟೇನಾ?"

"ಇಷ್ಟೆ. ಜಾವೆಲಿನ್ ಹಿಡಿದು ಹಿಡಿದು ನಿನ್ ಕೈ ಅಂಗೆ ಕೂತಿತ್ತು. ಮೊದಲ್ನೇ ದಿನವೇ ಗೊತ್ತಿತ್ತು ನಂಗೆ."

ಅವರ ಕಣ್ಣಲ್ಲಿ ನೀರಿತ್ತು. ನನಗೆ ಬರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಹೊರಟೆ. ಕಾಫಿ ತಂದ ಸೊಸೆ, ಯಾಕೆ ಇಷ್ಟು ಬೇಗ ಅಂದರು. ಬಸ್ಸಿಗೆ ಹೊತ್ತಾಯಿತು ಅಂದೆ. ಬಾಗಿಲ ಹತ್ತಿರ ಹೋದಾಗ ಮೇಷ್ಟ್ರು ಹಿಂದಿನಿಂದ ಏನೋ ಹೇಳಿದರು. ನನಗೆ ಕೇಳಿಸಿತು, ಕೇಳಿಸದ ಹಾಗೆ ಚಪ್ಪಲಿ ಹಾಕಿಕೊಂಡೆ. ಅದು ಕ್ಷಮೆ ಕೇಳುವ ಮಾತು. ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಾನು ಹೋಗಲಿಲ್ಲ. ಕ್ಷಮಿಸಿಬಿಡೇ, ಹೋದವರ ಮೇಲೆ ಎಂಥ ಸಿಟ್ಟು ಅಂತ ಗಂಡ ಹೇಳುತ್ತಿರುತ್ತಾರೆ. ಅವರಿಗೆ ಹೇಗೆ ಹೇಳಲಿ... ಮೇಷ್ಟ್ರನ್ನು ನೆನೆದರೆ ಸಂಕಟವಾಗುವುದೂ ನಿಜ. ನನ್ನಲ್ಲಿ ಏನೋ ಇದೆ ಅಂತ ಮೊದಲು ಕಂಡವರು ಅವರೇ, ಅಂಥ ಇನ್ನೊಬ್ಬರು ಮತ್ತೆ ಬರಲಿಲ್ಲ. ಅವರಿಲ್ಲ ಅನ್ನುವುದು ಎದೆಯಲ್ಲಿ ಭಾರವಾಗಿ ಕೂತಿದೆ. ಹೋದ ವಾರ ಆ ಪೇಂಟರನ್ನು ಬಿಟ್ಟು ಗೇಟಿನಿಂದ ಒಳಗೆ ಬಂದಾಗ ಮಕ್ಕಳು ಪ್ರಾರ್ಥನೆ ಹೇಳುತ್ತಿದ್ದರು. ನಾನು ಕೈ ಹಿಂದೆ ಕಟ್ಟಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತೆ. ನನ್ನ ತಪ್ಪು ದೊಡ್ಡದಾಗಿದ್ದಿದ್ದರೆ, ಯಾರ ಕೈಯಲ್ಲೂ ತಿದ್ದಲಾಗದಂಥದ್ದಾಗಿದ್ದಿದ್ದರೆ, ನಾನು ಅವರನ್ನು ಯಾವತ್ತೋ ಕ್ಷಮಿಸಿಬಿಡುತ್ತಿದ್ದೆ.